ಮೂರನೇ ಮಹಡಿಯ ಮಂಚ

ಏಪ್ರಿಲ್ 9

ಅತ್ತೆಗೆ,

ನೀವು ಹೇಳಿ ಕಳಿಸಿದಂತೆ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. "ಅವಳು ಮಾತಾಡೋದು ನನಗೆ ಕೇಳಲ್ಲ, ನಾನು ಕೇಳಿಸ್ಕೊಂಡ ಹಾಗೆ ನಟಿಸೋದು ಅವಳಿಗೆ ಗೊತ್ತಾಗಲ್ಲ, ಇಬ್ಬರಿಗೂ ದಂಡ" ಅಂದಿರಂತೆ. ನಾದಿನಿ ನಿಮ್ಮ ಧ್ವನಿಯಲ್ಲೇ ಒಪ್ಪಿಸಿದಳು. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರಿಗೆ ಕಾಗದ ಬರೆಯುವುದೆಂದರೆ ಪರೀಕ್ಷೆ ಬರೆದಂತೆ. ನೀವು ಮೊದಲು ಓದುವುದು ಲಕೋಟೆಯ ಹೊರಗನ್ನು ಎಂದು ಗೊತ್ತು.

ಪಾರ್ಸಲ್‌ಗೆ ಏಳು ತಿಂಗಳಾಯಿತು. ನೀವು ಕರೆದ ಹೆಸರೇ ನಿಂತುಬಿಟ್ಟಿದೆ, ಡಾಕ್ಟರ ಮುಂದೆಯೂ ಬಾಯಿತಪ್ಪಿ ಹಾಗೇ ಹೇಳಿದೆ. ಈಗ ತೆವಳುತ್ತಾಳೆ. ಎಲ್ಲರೂ ಸಂತೋಷಪಡುವ ವಿಷಯ, ನನಗೆ ಮಾತ್ರ ಹೆದರಿಕೆ. ಮಗು ನೆಲಕ್ಕೆ ಇಳಿದಿದೆ, ಮಳೆಗೆ ಎರಡೇ ತಿಂಗಳಿದೆ. ಹೋದ ವರ್ಷ ನೀವು ನಡುಮನೆಗೆ ನುಗ್ಗಿದ ನೀರಿನಲ್ಲಿ ಬಿದ್ದು, ಆಸ್ಪತ್ರೆಯಿಂದ ನೇರ ನಾದಿನಿಯ ಮನೆಗೆ ಹೋದಿರಲ್ಲ, ಅಂದಿನಿಂದ ನನಗೆ ಸರಿಯಾದ ನಿದ್ದೆಯಿಲ್ಲ. ನಲ್ಲಿ ತೊಟ್ಟಿಕ್ಕಿದರೂ ಎದ್ದು ಹೊಸ್ತಿಲು ಮುಟ್ಟಿ ನೋಡುತ್ತೇನೆ.

ನಿಮ್ಮ ಮಗನಿಗೆ ಹೇಳಿದರೆ ಹೂಳೆತ್ತುವ ಹಡಗಿನ ಮೇಲೆ ನಿಂತು ನಗುತ್ತಾರೆ. "ಹೋದ ವರ್ಷ ಬಂತು ಅಂತ ಈ ವರ್ಷನೂ ಬರಬೇಕಾ?" ಅನ್ನುತ್ತಾರೆ. ನೀರೇನು ನೆಂಟರೇ, ಕರೆಯದಿದ್ದರೆ ಬರದೆ ಇರಲು?

ನಮ್ಮ ಬೀದಿಯ ಎರಡು ಮನೆಯವರು ಮಳೆಗಾಲಕ್ಕೆಂದು ಸಾಮಾನಿಡುವ ಬಾಡಿಗೆ ಕೋಣೆ ಹಿಡಿದಿದ್ದಾರೆ. ಬೀಗ ನಮ್ಮದೇ, ಬೇಕಾದಾಗ ಹೋಗಿ ಇಡಬಹುದು, ತೆಗೆಯಬಹುದು. ನಾವೂ ಒಂದು ಹಿಡಿಯೋಣವೇ? ಮನೆ ನಿಮ್ಮದು, ಸಾಮಾನು ನಿಮ್ಮದು. ನೀವು ಹೂಂ ಅನ್ನದೆ ಒಂದು ಚಮಚವನ್ನೂ ಕದಲಿಸುವುದಿಲ್ಲ.

ಸೊಂಟ ಹೇಗಿದೆ?

ನಿಮ್ಮ ಸೊಸೆ


ಏಪ್ರಿಲ್ 17

ಸೊಸೆಗೆ,

ವಿಳಾಸ ಸರಿಯಾಗಿದೆ. ಸ್ಟಾಂಪು ಓರೆ ಅಂಟಿಸಿದ್ದೀಯ. ನಿನ್ನ ಗಂಡನೂ ಚಿಕ್ಕವನಿದ್ದಾಗ ಗುಂಡಿ ಹಾಗೇ ಹಾಕ್ಕೋತಿದ್ದ.

ಕೋಣೆ ಹಿಡಿ. ಅವನ ಮಾತು ಕಟ್ಟಿಕೊಂಡು ಕೂರಬೇಡ. ಊರವರ ಹೂಳೆಲ್ಲ ಎತ್ತುವವನಿಗೆ ಮನೆಮುಂದಿನ ಚರಂಡಿ ಕಾಣಲ್ಲ. ಆದರೆ ಯಾರೋ ಹಿಡಿದರು ಅಂತ ಹಿಡಿಯಬೇಡ, ಹತ್ತು ಕಡೆ ಸುತ್ತು, ನೂರು ಪ್ರಶ್ನೆ ಕೇಳು. ಕಾಲೇಜು ಓದಿದವಳು, ಬಾಯಿ ಇದೆ ತಾನೆ?

ಸಾಮಾನು ಒಳಗಿಡುವುದಕ್ಕೆ ಒಂದೇ ನಿಯಮ, ನಾವು ಅಂಚೆ ವ್ಯಾನಿಗೆ ಚೀಲ ತುಂಬುತ್ತಿದ್ದ ನಿಯಮ. ಕೊನೆಯ ಊರಿನ ಚೀಲ ಮೊದಲು ಒಳಗೆ ಹೋಗಬೇಕು, ಮೊದಲ ಊರಿನದು ಬಾಗಿಲಿಗೆ. ಬೇಗ ಬೇಕಾಗುವುದು ಕೈಗೆ ಸಿಗುವ ಹಾಗೆ, ಬೇಕಾದರೂ ಆದೀತು ಬೇಡದಿದ್ದರೂ ಆದೀತು ಅನ್ನುವಂಥದ್ದು ಹಿಂದಿನ ಗೋಡೆಗೆ. ಕೆಲಸಕ್ಕೆ ಸೇರಿದ ವಾರದಲ್ಲಿ ನಾನು ಇದನ್ನು ತಿರುವುಮುರುವು ಮಾಡಿ, ಇಡೀ ವ್ಯಾನು ಬೀದಿಯಲ್ಲಿ ಇಳಿಸಿ ಮತ್ತೆ ಏರಿಸಿದ್ದೇನೆ. ಆಮೇಲೆ ಮೂವತ್ತೊಂದು ವರ್ಷ ಒಂದು ಚೀಲ ತಪ್ಪಲಿಲ್ಲ.

ನಿನ್ನ ಮಾವನ ಗಾರೆ ಕೆಲಸದ ಪೆಟ್ಟಿಗೆ, ಹೊಲಿಗೆ ಯಂತ್ರ, ಫೋಟೋಗಳು, ನನ್ನ ಮಂಚ. ಮಿಕ್ಕಿದ್ದು ನಿನಗೆ ತೋಚಿದ ಹಾಗೆ.

ಸೊಂಟ ಇದೆ. ಎಲ್ಲಿದೆ ಅಂತ ಏಳುವಾಗ ಕೂರುವಾಗ ತಾನೇ ಹೇಳುತ್ತೆ. ಪಾರ್ಸಲ್‌ಗೆ ಹಲ್ಲು ಬಂತಾ?

ಅತ್ತೆ


ಏಪ್ರಿಲ್ 30

ಅತ್ತೆಗೆ,

ಹಲ್ಲು ಕೆಳಗೆ ಒಂದು ಬಂದಿದೆ. ಅದರಿಂದ ನನ್ನ ಭುಜವನ್ನೇ ಮೊದಲು ಪರೀಕ್ಷೆ ಮಾಡಿದಳು.

ಅವಳನ್ನು ಎದೆಗೆ ಕಟ್ಟಿಕೊಂಡು ಮೂರು ಜಾಗ ನೋಡಿ ಬಂದೆ. ಮೊದಲನೆಯದು ಬಂದರಿನ ಹತ್ತಿರದ ಹಳೆಯ ಗೋದಾಮು. ಎಲ್ಲಾ ನೆಲಮಹಡಿ, ತಗಡು ನಿಲ್ಲಿಸಿ ಕೋಣೆ ಮಾಡಿದ್ದಾರೆ. ಲಾರಿ ಬಾಗಿಲ ತನಕ ಬರುತ್ತದೆ, ಬಾಡಿಗೆಯೂ ಕಡಿಮೆ. "ಅಮ್ಮಾ, ನಮ್ಮಲ್ಲಿ ನೀರು ಅನ್ನೋ ಮಾತೇ ಇಲ್ಲ" ಅಂದ ಅಲ್ಲಿಯವನು. ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಆದರೆ ನನ್ನ ಸೊಂಟದ ಎತ್ತರದವರೆಗೆ ಮಾತ್ರ. ಅದರ ಮೇಲೆ ಹಳೆಯ ಬಣ್ಣವೇ ಇದೆ. "ಇಷ್ಟಕ್ಕೇ ಯಾಕೆ ನಿಲ್ಲಿಸಿದಿರಿ?" ಅಂದೆ. "ಬಣ್ಣ ಮುಗೀತು" ಅಂದ. ಅವನ ಮುಖ ನೋಡಲು ಅವನಿಗಿಂತ ನನಗೇ ನಾಚಿಕೆಯಾಯಿತು.

ಎರಡನೆಯದು ಸೇತುವೆಯಾಚೆಯ ಗುಡ್ಡದ ಮೇಲೆ. ಕೋಣೆಗಳು ಕನ್ನಡಿಯ ಹಾಗಿವೆ, ನೀರು ಏರುವ ಮಾತೇ ಇಲ್ಲ. ಆದರೆ ಅಲ್ಲಿಗೆ ಹೋಗಲು ರೈಲು ಹಳಿಯ ಕೆಳಗಿನ ದಾರಿಯೊಂದೇ. ಊರಲ್ಲಿ ಎಲ್ಲಕ್ಕಿಂತ ಮೊದಲು ಮುಳುಗುವುದು ಅದೇ. ಸಾಮಾನು ಆ ದಡದಲ್ಲಿ ಬೆಚ್ಚಗೆ, ನಾವು ಈ ದಡದಲ್ಲಿ ಉಟ್ಟಬಟ್ಟೆಯಲ್ಲಿ.

ಮೂರನೆಯದು ಬಸ್ ಡಿಪೋ ಹಿಂದೆ, ಮೊದಲು ನೂಲಿನ ಕಾರ್ಖಾನೆಯಾಗಿದ್ದ ಕಟ್ಟಡ. ಮೂರನೇ ಮಹಡಿಯಲ್ಲಿ ಬಚ್ಚಲುಮನೆಯಷ್ಟು ಅಗಲದ ಕೋಣೆ ಖಾಲಿಯಿದೆ. ನೋಡಿಕೊಳ್ಳುವವರು ಒಬ್ಬ ಹೆಂಗಸು, ನಿಮ್ಮ ವಯಸ್ಸಿನವರು, ಕೀಲಿಗೊಂಚಲು ಅಲ್ಲಾಡಿಸದೆ ಮಾತಾಡುವುದಿಲ್ಲ. ಕರೆಂಟು ಹೋದರೆ ಲಿಫ್ಟು ನಡೆಯುತ್ತದೆಯೇ, ಜನರೇಟರ್ ಯಾವ ಮಹಡಿಯಲ್ಲಿದೆ, ತಾರಸಿ ಸೋರುತ್ತದೆಯೇ, ಯಾವ ಗೋಡೆ ಹೊರಗಿನದು ಎಂದೆಲ್ಲ ಕೇಳಿದೆ. ಕೇಳಿ ಕೇಳಿ ಅವರು, "ಹುಡುಗಿ ನೋಡೋಕೆ ಬಂದವರೂ ಇಷ್ಟು ಕೇಳಲ್ಲ ಕಣಮ್ಮ" ಅಂದರು. ಜನರೇಟರ್ ಎರಡನೇ ಮಹಡಿಯಲ್ಲಿದೆ. ಅದನ್ನು ಕೇಳಿದ ಮೇಲೆ ಇದೇ ಅಂತ ತೀರ್ಮಾನಿಸಿದೆ.

ಆ ದಿನ ನನ್ನ ಬಾಯಿಂದ ಬಂದಷ್ಟು ಮಾತು ಒಂದು ತಿಂಗಳಲ್ಲಿ ಬಂದಿರಲಿಲ್ಲ. ಮನೆಗೆ ಬಂದಾಗ ಗಂಟಲು ಕಟ್ಟಿತ್ತು.

ನಿಮ್ಮ ಸೊಸೆ


ಮೇ 12

ಅತ್ತೆಗೆ,

ನಿನ್ನೆ ಸಾಮಾನು ಸಾಗಿಸಿದೆ. ಇಬ್ಬರು ಹಮಾಲರು, ಒಂದು ಗಾಡಿ, ನಾನು, ಪಾರ್ಸಲ್. ಒದ್ದೆ ಒಂದೂ ಒಳಗೆ ಹೋಗುವಂತಿಲ್ಲ ಎಂದು ಕೀಲಿಯಮ್ಮ ಮೊದಲೇ ಎಚ್ಚರಿಸಿದ್ದರು. ಒಂದು ಒದ್ದೆ ಹೊಕ್ಕರೆ ಹತ್ತು ಒಣಗಿದ್ದಕ್ಕೆ ಬೂಷ್ಟಂತೆ. ಹಾಗಾಗಿ ಮೂರು ದಿನ ಎಲ್ಲವನ್ನೂ ಬಿಸಿಲಿಗೆ ಹಾಕಿದ್ದೆ. ಮಾವನ ಪೆಟ್ಟಿಗೆಯಲ್ಲಿ ಒಣಗಿದ ಗಾರೆ ಹಾಗೇ ಅಂಟಿಕೊಂಡಿತ್ತು. ಕೆರೆಯಲಿಲ್ಲ.

ನಿಮ್ಮ ನಿಯಮದಲ್ಲಿ ಒಂದು ಕೂದಲೆಳೆಯೂ ತಪ್ಪಿಲ್ಲ. ಮಂಚವನ್ನು ಎಲ್ಲಕ್ಕಿಂತ ಮೊದಲು ಒಳಗೆ ಕಳಿಸಿದೆ. ಕಾಲು ಬಿಚ್ಚಿ, ಹಳೆಯ ಚಾದರ ಸುತ್ತಿ, ಹಿಂದಿನ ಗೋಡೆಗೆ ಒರಗಿಸಿದ್ದೇನೆ. ಅದರ ಮುಂದೆ ಹಾಸಿಗೆ, ಹೊಲಿಗೆ ಯಂತ್ರ, ಫೋಟೋ, ಪೆಟ್ಟಿಗೆ. ಬಾಗಿಲ ಬಳಿ ಪಾರ್ಸಲ್‌ಳ ಚಳಿಬಟ್ಟೆ ಮತ್ತು ನನ್ನ ಪುಸ್ತಕ. ಶಟರ್ ಎಳೆದು ಬೀಗ ಹಾಕಿದಾಗ ಎಷ್ಟೋ ದಿನದ ಮೇಲೆ ಒಂದು ಕೆಲಸ ಸರಿಯಾಗಿ ಮುಗಿಸಿದೆ ಅನ್ನಿಸಿತು. ನೀವು ನೋಡಿದ್ದರೆ ಮೆಚ್ಚುತ್ತಿದ್ದಿರಿ.

ಮನೆ ಈಗ ಖಾಲಿ. ಪಾರ್ಸಲ್ ಕೂಗಿದರೆ ನಾಲ್ಕೂ ಗೋಡೆ ಕೂಗುತ್ತವೆ, ಅವಳು ಖುಷಿಯಿಂದ ಮತ್ತೆ ಕೂಗುತ್ತಾಳೆ.

ನಿಮ್ಮ ಸೊಸೆ


ಮೇ 19

ಸೊಸೆಗೆ,

ಕಾಗದ ಬಂತು. ಮಂಚ ಮೊದಲು ಒಳಗೆ ಹೋಯಿತು, ಹಿಂದಿನ ಗೋಡೆಗಿದೆ ಅಂತ ಓದಿದೆ. ನಿಯಮ ಹೇಳಿಕೊಟ್ಟವಳು ನಾನೇ, ಹಾಗಾಗಿ ಅರ್ಥ ಆಗಲಿಲ್ಲ ಅನ್ನುವ ಹಾಗಿಲ್ಲ.

ಇಲ್ಲಿ ನನಗೇನೂ ಕಡಿಮೆಯಿಲ್ಲ. ಮಗು ಇಟ್ಟುಕೊಂಡು ಮೇಲಿಂದ ಮೇಲೆ ಬರೆದು ಕೈ ನೋಯಿಸಿಕೊಳ್ಳಬೇಡ.

ಅತ್ತೆ


ಮೇ 24

ಅತ್ತೆಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದ ಮೇಲೆ ನಾನು ಮಾಡಿದ್ದೇನೆಂದು ತಿಳಿಯಿತು.

ಅತ್ತೆ, ನಾನು ಯೋಚಿಸಿದ್ದು ಗೋಡೆಯನ್ನು. ಆ ಕೋಣೆಯ ಎಡಗೋಡೆ ಕಟ್ಟಡದ ಹೊರಗೋಡೆ, ಮಳೆಗಾಲದಲ್ಲಿ ಬೆವರುತ್ತದೆ. ಬಾಗಿಲ ಬಳಿ ಓಡಾಡುವವರ ಕೊಡೆಯ ನೀರು. ಹಿಂದಿನ ಗೋಡೆಯೊಂದೇ ನಡುಗೋಡೆ, ಕೈಯಿಟ್ಟರೆ ಬೆಚ್ಚಗಿರುತ್ತದೆ. ಎಲ್ಲಕ್ಕಿಂತ ಒಣಗಿದ ಜಾಗ ಎಂದು ಮಂಚಕ್ಕೆ ಕೊಟ್ಟೆ. ನಿಯಮದಂತೆ ಅದರ ಅರ್ಥ ಏನಾಗುತ್ತದೆಂದು ಹೊಳೆಯಲೇ ಇಲ್ಲ. ಹೊಳೆಯದಿದ್ದದ್ದು ಮಾತ್ರವಲ್ಲ, ನಿಯಮದಂತೆಯೇ ಮಾಡಿದ್ದೇನೆ ಎಂದು ಕೊಚ್ಚಿಕೊಂಡು ಬರೆದೆ.

ನೀವು ಬರುವುದು ಬೇಡ ಎಂದು ನಾನು ಹೇಗೆ ಅಂದುಕೊಂಡೇನು? ಈ ಮನೆಯಲ್ಲಿ ನನ್ನನ್ನು ಬೈಯಲು ಕೂಡ ಒಬ್ಬರಿಲ್ಲ.

ದಯವಿಟ್ಟು ಒಂದು ಸಾಲು ಬರೆಯಿರಿ.

ನಿಮ್ಮ ಸೊಸೆ


ಜೂನ್ 8

ಅತ್ತೆಗೆ,

ಎರಡು ವಾರವಾಯಿತು. ನಾದಿನಿಗೆ ಫೋನು ಮಾಡಿದರೆ, "ಕಾಗದ ಬಂದಿದೆ, ಓದಿದ್ದಾರೆ, ಕನ್ನಡಕದ ಪೆಟ್ಟಿಗೆ ಕೆಳಗೆ ಇಟ್ಟಿದ್ದಾರೆ. ನನ್ನನ್ನು ಮಧ್ಯೆ ಎಳೀಬೇಡಿ" ಅಂದಳು. ಅವಳ ತಪ್ಪೇನೂ ಇಲ್ಲ.

ಮೊನ್ನೆ ಮಳೆ ಶುರುವಾಯಿತು. ನಾನು ಪಾರ್ಸಲ್‌ಳನ್ನು ಕಟ್ಟಿಕೊಂಡು ಮೂರನೇ ಮಹಡಿಗೆ ಹೋದೆ. ಒಂದೊಂದೇ ಸಾಮಾನು ಕೋಣೆಯ ಹೊರಗೆ ಇಳಿಸಿಟ್ಟೆ. ಕೀಲಿಯಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮೊನ್ನೆ ತಾನೇ ಪೂಜಾರಿ ಹಾಗೆ ನಾಜೂಕಾಗಿ ಇಟ್ರಿ, ಈಗ ಕಳ್ಳರ ಹಾಗೆ ಕಿತ್ತಾಕ್ತಿದೀರಲ್ಲ?"

"ಮಂಚ ಬಾಗಿಲಿಗೆ ಬರಬೇಕು" ಅಂದೆ.

"ಬಾಗಿಲಲ್ಲಿ ಶೀತ ಹೊಡೆಯುತ್ತೆ."

"ಹೊಡೆಯಲಿ. ಬಾಗಿಲಿಗೇ ಬರಬೇಕು."

ಅವರು ಒಂದು ತುದಿ ಹಿಡಿದರು. ಬಾಗಿಲ ಬಳಿ ಕಾಲು ಜೋಡಿಸಿ ನಿಲ್ಲಿಸಿದೆವು. ಹಾಸಿಗೆ ಗಾಳಿಯಾಡಲಿ ಎಂದು ಅದರ ಮೇಲೆ ಬಿಡಿಸಿದೆ. ಪಾರ್ಸಲ್‌ಳನ್ನು ಐದು ನಿಮಿಷ ಮಲಗಿಸಿದೆ. ಆಮೇಲೆ ನಾನೂ ಪಕ್ಕದಲ್ಲಿ ಒರಗಿದೆ. ಅಷ್ಟೇ ಗೊತ್ತು. ಎದ್ದಾಗ ಮಧ್ಯಾಹ್ನ ಕಳೆದಿತ್ತು, ಶಟರ್ ಅರ್ಧಕ್ಕೆ ಇಳಿದಿತ್ತು, ಹೊರಗೆ ಸ್ಟೂಲಿನ ಮೇಲೆ ಕೀಲಿಯಮ್ಮ ಕೂತಿದ್ದರು. "ಉಸಿರಾಡೋ ಸಾಮಾನು ಇಡೋ ಹಾಗಿಲ್ಲ ಅಂತ ಗೋಡೆ ಮೇಲೆ ಬರೆದಿದೆ, ಓದಿದವರು ತಾನೆ?" ಅಂದರು. ಮೂರು ಗಂಟೆ ಮಲಗಿದ್ದೆನಂತೆ. ಒಂದು ವರ್ಷದಲ್ಲಿ ನಾನು ಹಾಗೆ ಮಲಗಿಲ್ಲ.

ನಿದ್ದೆ ಮಾಡಿದ ತಲೆಯಲ್ಲಿ ಒಂದು ಮಾತು ನೆಟ್ಟಗೆ ನಿಂತಿತು. ಅದನ್ನು ಬರೆದುಬಿಡುತ್ತೇನೆ. ಹೋದ ವರ್ಷ ಆ ದಿನ ನಾವಿಬ್ಬರೂ ಮೆಟ್ಟಿಲ ಮೇಲೆ ಕ್ಷೇಮವಾಗಿ ನಿಂತಿದ್ದೆವು. "ನನ್ನ ಸರ್ಟಿಫಿಕೇಟ್ ಫೈಲು" ಎಂದು ಅತ್ತವಳು ನಾನು. ಬಸುರಿ ಇಳಿಯಬಾರದು ಎಂದು ನೀವು ಇಳಿದಿರಿ. ಆಮೇಲೆ ಅದರ ಬಗ್ಗೆ ನೀವೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರಿಗೂ ಕಾಲು ಜಾರಿತು ಎಂದಷ್ಟೇ ಹೇಳಿದಿರಿ. ಆ ಫೈಲು ಒಣಗಿಯೇ ಇದೆ. ಅದನ್ನು ಹಿಡಿದು ಯಾವ ಕೆಲಸಕ್ಕೂ ನಾನು ಹೋಗಿಲ್ಲ.

ನೀವು ಮಂಚಕ್ಕೆ ಮುನಿದಿದ್ದೀರೋ ಫೈಲಿಗೋ, ತಿಳಿಯದು.

ನಿಮ್ಮ ಸೊಸೆ


ಜೂನ್ 20

ಸೊಸೆಗೆ,

ಫೈಲಿಗಾಗಿ ಇಳಿಯಲಿಲ್ಲ ಅಂತ ಬರೆದರೆ ನಿನಗೆ ಸಮಾಧಾನ ಆದೀತು, ಆದರೆ ಸುಳ್ಳಾಗುತ್ತೆ. ಇಳಿದದ್ದು ಫೈಲಿಗೇ. ನಾನು ಏಳನೇ ಕ್ಲಾಸಿಗೆ ಬಿಟ್ಟವಳು. ಸರ್ಟಿಫಿಕೇಟ್ ನೀರಲ್ಲಿ ಹೋಗೋದನ್ನ ನೋಡ್ತಾ ನಿಲ್ಲೋಕೆ ಆಗಲಿಲ್ಲ. ಇಳಿ ಅಂತ ನೀನು ಹೇಳಲಿಲ್ಲ. ಜಾರಿದ್ದು ನನ್ನ ಕಾಲು. ಅದನ್ನೂ ನೀನೇ ಎತ್ತಿಕೊಂಡರೆ ನನಗೆ ಅಂತ ಏನು ಉಳಿಯುತ್ತೆ?

ಮಂಚವನ್ನು ಬಾಗಿಲಿಗೆ ತಂದದ್ದು ನಿಯಮಕ್ಕೆ ಸರಿ, ಸಾಮಾನಿಗೆ ಸರಿಯಲ್ಲ. ಶೀತ ಹಿಡಿದರೆ ಮರ ಉಬ್ಬುತ್ತೆ. ಆದರೂ ತಂದೆಯಲ್ಲ.

ಆ ಕೀಲಿಯವಳಿಗೆ ನನ್ನ ನಮಸ್ಕಾರ ಹೇಳು. ಅಲ್ಲಿ ಮತ್ತೆ ಮಲಗಬೇಡ.

ಅತ್ತೆ


ಜುಲೈ 12

ಅತ್ತೆಗೆ,

ಟಿವಿಯಲ್ಲಿ ನೋಡಿರುತ್ತೀರಿ. ಇಬ್ಬರೂ ಚೆನ್ನಾಗಿದ್ದೇವೆ, ಮೊದಲು ಅದನ್ನು ಓದಿ.

ಒಂಬತ್ತನೇ ತಾರೀಖು ಬೆಳಿಗ್ಗೆ ಪಾರ್ಸಲ್‌ಗೆ ಗಂಜಿ ತಿನ್ನಿಸುತ್ತಿದ್ದೆ. ಅವಳು ನನ್ನ ಬೆನ್ನ ಹಿಂದೆ ಏನನ್ನೋ ನೋಡಿ ಚಪ್ಪಾಳೆ ತಟ್ಟಿದಳು. ತಿರುಗಿದರೆ ಬಾಗಿಲ ಕೆಳಗಿನಿಂದ ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು, ಮನೆಯವರ ಹಾಗೆ. ಎತ್ತಬೇಕಾದದ್ದು ಒಂದೇ ಇತ್ತು, ಎತ್ತಿಕೊಂಡೆ. ಪಕ್ಕದ ಕಟ್ಟಡದ ಮೆಟ್ಟಿಲು ಮುಟ್ಟುವಷ್ಟರಲ್ಲಿ ಮಂಡಿಗೆ ಬಂದಿತ್ತು. ಅಲ್ಲಿ ಮೊದಲನೇ ಮಹಡಿಯ ಟೀಚರ್ ಒಳಗೆ ಕರೆದರು. ನಾಲ್ಕು ದಿನದಿಂದ ಅವರ ನಡುಮನೆಯಲ್ಲಿದ್ದೇವೆ. ನಿಮ್ಮ ಮಗನಿಗೆ ರಜೆ ಸಿಕ್ಕಿಲ್ಲ. ಮಾತಾಡಿದರೆ ಅವರ ಧ್ವನಿಯಲ್ಲಿ ಈಗ ನಗುವಿಲ್ಲ.

ನಿನ್ನೆ ನೀರಿಳಿಯಿತು. ಮನೆಗೆ ಹೋಗುವ ಮೊದಲು ಮೂರನೇ ಮಹಡಿಗೆ ಓಡಿದೆ. ಎಲ್ಲವೂ ಇಟ್ಟಲ್ಲೇ ಇದೆ, ಒಂದು ಹನಿ ತಾಗಿಲ್ಲ. ಹೊಲಿಗೆ ಯಂತ್ರದ ಚಕ್ರ ತಿರುಗಿಸಿ ನೋಡಿದೆ, ಸಲೀಸಾಗಿ ತಿರುಗಿತು. ನಾನು ಆರಿಸಿದ್ದು ಸರಿಯಾಗಿತ್ತು ಅತ್ತೆ. ಬಂದರಿನ ಗೋದಾಮಿನಲ್ಲಿ ಆಳೆತ್ತರ ನಿಂತಿತ್ತಂತೆ. ನಿಮ್ಮ ಸಾಮಾನೆಲ್ಲ ಸುಖವಾಗಿದೆ, ಚಿಂತೆ ಬೇಡ.

ಮನೆಯ ಕೆಸರು ತೆಗೆಯಲು ನಾಳೆಯಿಂದ ಶುರು ಮಾಡುತ್ತೇನೆ.

ನಿಮ್ಮ ಸೊಸೆ


ಜುಲೈ 16

ಸೊಸೆಗೆ,

ಕೆಸರು ತೆಗೆಯಬೇಡ.

ನಿನ್ನ ಕಾಗದ ಓದಿ ಒಂದು ಹೊತ್ತು ಊಟ ಸೇರಲಿಲ್ಲ. ನನ್ನ ಮಂಚಕ್ಕೆ ಅಂತ ಮೂರು ಜಾಗ ನೋಡಿದೆ. ನೀರು ಎಲ್ಲಿವರೆಗೆ ಬರುತ್ತೆ, ದಾರಿ ಮುಳುಗುತ್ತಾ, ಜನರೇಟರ್ ಯಾವ ಮಹಡೀಲಿದೆ, ಎಲ್ಲ ಕೇಳಿದೆ. ನಿನಗೂ ಮಗುವಿಗೂ ಅಂತ ಒಂದು ಜಾಗ ನೋಡಿದೆಯಾ? ಸಾಮಾನಿಗೆ ಮೂರನೇ ಮಹಡಿ, ಹಲ್ಲು ಬಂದ ಮಗು ನೆಲದ ಮೇಲೆ. ಇಬ್ಬರು ಬುದ್ಧಿವಂತೆಯರು ಮೂರು ತಿಂಗಳು ಕಾಗದ ಬರೆದುಕೊಂಡು ಮಾಡಿದ ಕೆಲಸ ಇದು.

ತಪ್ಪು ನಿನ್ನದಲ್ಲ. ಮನೆ ನನ್ನದು ಅಂತ ನೀನು ಚಮಚ ಕದಲಿಸೋಕೂ ಕೇಳ್ತೀಯ, ಮನೆ ಬಿಡ್ತೀನಿ ಅಂತ ಹೇಗೆ ಕೇಳ್ತೀಯ? ನಾನೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕಂದ್ರೆ ನಿನ್ನ ಮಾವ ಒಂದೊಂದು ಇಟ್ಟಿಗೆ ತಾನೇ ಇಟ್ಟ ಮನೆ ಅದು. ಯಾರಾದರೂ ಒಬ್ಬರು ಅಲ್ಲಿ ಇರಲಿ ಅಂತ ಆಸೆ. ನಾನು ಇರಲ್ಲ, ನೀನಿರು ಅಂತ.

ಇನ್ನೊಂದು ಹೇಳಬೇಕು. ಮಂಚ ಬಾಗಿಲಲ್ಲಿದ್ದರೂ ಹಿಂದಿದ್ದರೂ ನಾನು ಆ ಮನೆಗೆ ಬರುತ್ತಿರಲಿಲ್ಲ. ಸೊಂಟಕ್ಕಲ್ಲ. ನೀರಲ್ಲಿ ಬಿದ್ದಾಗ ನಿನ್ನ ಕೂಗು ಕೇಳಿಸ್ತಿತ್ತು, ಕಿವಿ ಮಂದ ಇರೋ ನನಗೆ. ಆ ನಡುಮನೆ ನೆನೆಸಿಕೊಂಡರೆ ಈಗಲೂ ಕಾಲು ತಣ್ಣಗಾಗುತ್ತೆ. ಹೆದರಿಕೆ ಅಂತ ಸೊಸೆ ಹತ್ತಿರ ಹೇಗೆ ಹೇಳೋದು? ನಿನ್ನ ತಪ್ಪೊಂದು ಸಿಕ್ಕಿತು, ಹಿಡ್ಕೊಂಡೆ. ತಿಂಗಳಿಡೀ ಅದನ್ನೇ ಹಿಡ್ಕೊಂಡು ಕೂತೆ.

ಮನೆ ಬಿಡು. ನಾನು ಹೇಳ್ತಿದೀನಿ, ಬರಹದಲ್ಲಿದೆ, ಯಾರು ಕೇಳಿದರೂ ತೋರಿಸು. ನನ್ನ ಮಗ ಗೊಣಗಿದರೆ ನನಗೆ ಬರೆಯಲು ಹೇಳು.

ಅತ್ತೆ


ಸೆಪ್ಟೆಂಬರ್ 3

ಅತ್ತೆಗೆ,

ಗೊಣಗಲಿಲ್ಲ. ಹತ್ತು ದಿನದ ರಜೆಯಲ್ಲಿ ಬಂದು ನಿಮ್ಮ ಕಾಗದ ಓದಿದರು, ಮಡಿಸಿ ಜೇಬಿನಲ್ಲಿಟ್ಟುಕೊಂಡರು, ಒಬ್ಬರೇ ಹೋಗಿ ಮನೆಗೆ ಬೀಗ ಹಾಕಿ ಬಂದರು. ಈಗ ಮತ್ತೆ ಹಡಗಿಗೆ ಹೋಗಿ ಒಂದು ವಾರ.

ಆರು ಮನೆ ನೋಡಿದೆ. ಕೊನೆಗೆ ಹಿಡಿದದ್ದು ಡಿಪೋದಿಂದ ಎರಡು ಬೀದಿ ಮೇಲೆ, ಎರಡನೇ ಮಹಡಿ, ಎರಡು ಕೋಣೆ, ಲಿಫ್ಟಿದೆ. ಮೆಟ್ಟಿಲಿಗೆ ಎರಡೂ ಕಡೆ ಹಿಡಿದುಕೊಳ್ಳಲು ಕಂಬಿಯಿದೆ, ಎಣಿಸಿ ನೋಡಿದೆ, ಹನ್ನೆರಡಕ್ಕೊಂದು ತಂಗುವ ಜಾಗ. ಅಡುಗೆಮನೆಯ ಕಿಟಕಿಯಿಂದ ಬಸ್ಸುಗಳ ತಲೆ ಕಾಣುತ್ತದೆ. ಪಾರ್ಸಲ್ ಗೋಡೆ ಹಿಡಿದು ಎದ್ದು ನಿಂತದ್ದು ಇಲ್ಲೇ. ನಿಂತು ಸುತ್ತಲೂ ನೋಡಿದಳು, ತೋರಿಸಲು ನಾನೊಬ್ಬಳೇ ಇದ್ದೆ.

ಮಳೆ ಇನ್ನೂ ಬರುತ್ತಿದೆ. ಇಲ್ಲಿ ಅದು ಬರೀ ಸದ್ದು. ಇಷ್ಟು ದಿನ ನಿದ್ದೆ ಬರದಿದ್ದದ್ದು ನೀರಿನ ಭಯಕ್ಕೆ ಎಂದುಕೊಂಡಿದ್ದೆ. ನೀರು ಕೆಳಗುಳಿಯಿತು, ನಿದ್ದೆ ಅರ್ಧವಷ್ಟೇ ಮೇಲೆ ಬಂದಿದೆ. ಮಿಕ್ಕರ್ಧಕ್ಕೆ ಕಾರಣ ಬೇರೆ ಇರಬೇಕು. ಇಡೀ ದಿನ ಒಂದು ಮಾತೂ ಆಡದೆ ಮಲಗಿದರೆ ನಿದ್ದೆಗೂ ದಾರಿ ತಿಳಿಯುವುದಿಲ್ಲವೇನೋ.

ನೀವು ಬರುವುದಿಲ್ಲ ಎಂದು ಬರೆದಿರಿ. ನಿಮ್ಮ ಮಗ ಹೊರಡುವ ಮೊದಲು ಆ ಕಾಗದವನ್ನು ಅವರ ಜೇಬಿನಿಂದ ತೆಗೆಸಿ ಮತ್ತೆ ಓದಿದೆ. "ಆ ಮನೆಗೆ" ಎಂದಿದೆ. ನಾನು ಓದಿದವಳು, ಬರೆದದ್ದನ್ನು ಬರೆದಂತೆಯೇ ಓದುತ್ತೇನೆ.

ನಿನ್ನೆ ಮನೆಯೊಡತಿ ನೀರಿನ ಲೆಕ್ಕಕ್ಕೆ ಎಷ್ಟು ಜನ ಇರುತ್ತೀರಿ ಎಂದು ಕೇಳಲು ಬಂದರು. ನಾಲ್ಕು ಅಂದೆ. ಅವರು ನನ್ನನ್ನು ನೋಡಿದರು, ಪಾರ್ಸಲ್‌ಳನ್ನು ನೋಡಿದರು, ನನ್ನ ಹಿಂದಿನ ಕೋಣೆಯನ್ನು ನೋಡಿದರು, ನಾಲ್ಕು ಎಂದು ಬರೆದುಕೊಂಡು ಹೋದರು. ತಪ್ಪಾಗಿದ್ದರೆ ನೀವೇ ಬಂದು ಅವರಿಗೆ ಹೇಳಿ.

ನಿಮ್ಮ ಸೊಸೆ